ಹವ್ಯಾಸದ ಕಾಲಮ್ಮು

ಮನುಷ್ಯನಿಗೆ ಹವ್ಯಾಸವೊಂದು ಇರಲೇಬೇಕೆ, ಇದ್ದರೆ ಅದನ್ನು ನಾಲ್ಕು ಅಂಗುಲದ ಗೆರೆಯ ಮೇಲೆ ಬರೆದು ಕೆಳಗೆ ಸಹಿ ಮಾಡುವಷ್ಟು ಖಚಿತವಾಗಿ ಹೇಳಬಹುದೆ ಎಂಬುದು ಗಜೇಂದ್ರಗಡದ ಮಟ್ಟಿಗೆ ಆ ಶನಿವಾರದ ಅತ್ಯಂತ ಗುರುತರವಾದ ವಿಷಯವಾಗಿತ್ತು. ಊರಿಗೆ ಬೇರೆ ವಿಷಯಗಳು ಇರಲಿಲ್ಲವೆಂದಲ್ಲ. ನಳಕ್ಕೆ ಒಂಬತ್ತು ದಿನದಿಂದ ನೀರಿರಲಿಲ್ಲ. ಬಸ್‌ಸ್ಟ್ಯಾಂಡಿನ ಹತ್ತಿರದ ಗಟಾರು ಬಾಯಿ ತೆರೆದುಕೊಂಡು ವಾರದಲ್ಲಿ ಎರಡು ಸ್ಕೂಟರುಗಳನ್ನು ನುಂಗಿತ್ತು. ಆದರೆ ಅವುಗಳಲ್ಲಿ ಯಾವುದಕ್ಕೂ ಸಂಜೆ ಐದರ ಗಡುವು ಇರಲಿಲ್ಲ. ಹವ್ಯಾಸಕ್ಕೆ ಇತ್ತು.

ಗಡುವನ್ನು ತಲೆಯ ಮೇಲೆ ಹೊತ್ತುಕೊಂಡು ಕೂತವಳು ಅನಘಾ, ಪದವಿಪೂರ್ವ ಕಾಲೇಜಿನ ಜೀವಶಾಸ್ತ್ರದ ಉಪನ್ಯಾಸಕಿ, ವಯಸ್ಸು ನಲವತ್ತಾರು. ಪಾಠದ ಜೊತೆಗೆ ಹನ್ನೊಂದು ವರ್ಷಗಳಿಂದ ಅವಳು ‘ಮುಂದೇನು? ಮಾರ್ಗದರ್ಶನ ಕೋಶ’ವನ್ನೂ ನೋಡಿಕೊಳ್ಳುತ್ತಿದ್ದಳು. ಕೋಶವೆಂದರೆ ಗ್ರಂಥಾಲಯದ ಮೂಲೆಯಲ್ಲಿ ಒಂದು ಮೇಜು, ಎರಡು ಕುರ್ಚಿ, ಅವಳೇ ಹೊಲಿದು ಹಾಕಿದ ಒಂದು ಹಸಿರು ಪರದೆ. ಪಿಯುಸಿ ಮುಗಿಸಿದವರಿಗೆ ಯಾವ ಕಾಲೇಜು, ಯಾವ ಕೋರ್ಸು, ಯಾವ ಪ್ರಮಾಣಪತ್ರಕ್ಕೆ ರೋಣದ ಕಚೇರಿಯ ಯಾವ ಕಿಟಕಿಯ ಮುಂದೆ ನಿಲ್ಲಬೇಕು ಎಂದು ಅವಳು ಹೇಳಿಕೊಡುತ್ತಿದ್ದಳು. ಪರದೆ ಸರಿಸಿ ಒಳಗೆ ಬರುವಾಗ ಅವರು ಹುಡುಗ ಹುಡುಗಿಯರಾಗಿರುತ್ತಿದ್ದರು, ಹೊರಗೆ ಹೋಗುವಾಗ ಅರ್ಜಿದಾರರಾಗಿರುತ್ತಿದ್ದರು. ಈ ನಡುವೆ ಏನು ಕಳೆದುಹೋಗುತ್ತದೆ ಎಂದು ಅವಳು ಯೋಚಿಸಿರಲಿಲ್ಲ; ಯೋಚಿಸುವುದಕ್ಕೆ ಅರ್ಜಿಯಲ್ಲಿ ಕಾಲಮ್ಮು ಇರಲಿಲ್ಲ.

ಮೇಜಿನ ಮೇಲೆ ಇದ್ದದ್ದು ಮುಶಿಗೇರಿಯ ದುರ್ಗಾಳ ಕರಡು ಅರ್ಜಿ. ಮೈಸೂರಿನ ಕಡೆಯ ಒಂದು ವಸತಿ ಕಾಲೇಜು; ಓದು, ಊಟ, ಹಾಸ್ಟೆಲ್ಲು ಎಲ್ಲ ಪುಕ್ಕಟೆ; ವರ್ಷಕ್ಕೆ ನಲವತ್ತು ಹುಡುಗಿಯರು ಮಾತ್ರ. ಆಯ್ಕೆಯಲ್ಲಿ ಅಂಕಕ್ಕೆ ಅರ್ಧ ತೂಕ, ‘ವ್ಯಕ್ತಿತ್ವ’ಕ್ಕೆ ಅರ್ಧ. ಅಂಕದ ಚಿಂತೆ ದುರ್ಗಾಗೆ ಇರಲಿಲ್ಲ, ತೊಂಬತ್ತಮೂರು ಪರ್ಸೆಂಟು ತೆಗೆದಿದ್ದಳು. ಅವಳ ಅಪ್ಪ ಹೇಮಪ್ಪ, ಅವ್ವ ಕರಿಯವ್ವ ವರ್ಷದಲ್ಲಿ ಎಂಟು ತಿಂಗಳು ಮಂಗಳೂರಿನಲ್ಲಿ ಕಟ್ಟಡದ ಕೆಲಸದಲ್ಲಿರುತ್ತಿದ್ದರು. ಹುಡುಗಿ ಊರಲ್ಲಿ ಆಯಿಯ, ಅಂದರೆ ಅಜ್ಜಿಯ, ಹತ್ತಿರ. ಹೇಮಪ್ಪ ಫೋನಿನಲ್ಲಿ ಅನಘಾಗೆ ಹೇಳಿದ್ದು ಒಂದೇ ಮಾತು: “ಪುಕ್ಕಟ ಸಿಕ್ಕರ ಓದ್ಲಿ ಬಿಡ್ರಿ ಮೇಡಮ್ಮರ. ಇಲ್ಲಾಂದ್ರ ಜೂನದಾಗ ನಮ್ಮ ಕೂಡ ಬರ್ಲಿ, ಇಲ್ಲೂ ಕೈ ಬೇಕಾಗ್ಯಾವ.” ಹೀಗಾಗಿ ಈ ಹುಡುಗಿಯ ಮುಂದೆ ಎರಡು ಬಸ್ಸುಗಳು ನಿಂತಿದ್ದವು. ಯಾವುದನ್ನು ಹತ್ತುವುದು ಎಂಬುದು ವ್ಯಕ್ತಿತ್ವದ ಮೇಲೆ ನಿಂತಿತ್ತು, ವ್ಯಕ್ತಿತ್ವ ಹನ್ನೆರಡನೆಯ ಕಾಲಮ್ಮಿನ ಮೇಲೆ.

ಹನ್ನೆರಡನೆಯ ಕಾಲಮ್ಮು: ಹವ್ಯಾಸಗಳು, ಐದು ಸಾಲಿನಲ್ಲಿ ವಿವರಿಸಿ. ದುರ್ಗಾ ದುಂಡನೆಯ ಅಕ್ಷರದಲ್ಲಿ ಬರೆದಿದ್ದಳು: ‘ನನಗೆ ಯಾವ ಹವ್ಯಾಸಗಳೂ ಇಲ್ಲ. ಒಂದಿದೆ. ಬಿಡಲು ಪ್ರಯತ್ನಿಸುತ್ತಿದ್ದೇನೆ.’

ಅನಘಾಗೆ ನಗು ಬಂತು, ಬಂದದ್ದು ಅರ್ಧಕ್ಕೇ ನಿಂತಿತು. ಈ ಸೀಮೆಯಲ್ಲಿ ಹವ್ಯಾಸವೆಂಬ ಶಬ್ದವನ್ನು ಕನ್ಯೆ ಕೊಡುವವರು ವರನ ಬಗ್ಗೆ ದನಿ ತಗ್ಗಿಸಿ ಕೇಳುವಾಗ, ಚಟವೆಂಬ ಅರ್ಥದಲ್ಲಿ ಬಳಸುತ್ತಾರೆ. “ಹುಡುಗಗ ಹವ್ಯಾಸ ಏನರೆ ಅವ ಏನ್ರಿ?” ಅವಳ ಅಪ್ಪ ಗೋಪಾಲಕೃಷ್ಣರೂ ಕೇಳಿದ್ದರು, ಅವಳಿಗೆ ಇಪ್ಪತ್ತಾರು ತುಂಬಿದ ವರ್ಷ, ನರಗುಂದದ ಮನೆಯ ಪಡಸಾಲೆಯಲ್ಲಿ, ಅವಲಕ್ಕಿಯ ತಾಟುಗಳ ಎದುರು. “ಛೇ ಛೇ, ಅಡಿಕಿ ಚೂರು ಸೈತ ಮುಟ್ಟೂದಿಲ್ರಿ” ಎಂದಿದ್ದ ಹುಡುಗನ ಮಾವ. ನಿಜವಾಗಿಯೂ ಹುಡುಗನಿಗೆ ಯಾವ ಹವ್ಯಾಸವೂ ಇದ್ದಂತಿರಲಿಲ್ಲ, ಮಾತನಾಡುವುದೂ ಸೇರಿ. ಆಮೇಲೆ ಹುಡುಗನ ತಾಯಿ ಅವಳ ಕಡೆಗೆ ತಿರುಗಿ “ಮತ್ತ ನಿನಗಽ ಏನೇನು ಬರ್ತದವಾ?” ಎಂದಾಗ ಅವಳಿಗಿಂತ ಮೊದಲು ಅಪ್ಪನೇ “ಹೊಲಗಿ” ಎಂದರು. ಅವರು ಎಲ್ಲರೆದುರು ಹೊಲಿಸಿ ನೋಡಲೆಂದು ಒಂದು ಗುಂಡಿ ಕಿತ್ತ ಜಂಪರು ತಂದಿರಲಿಲ್ಲವಲ್ಲ ಎಂಬುದಷ್ಟೇ ಆಗ ಅವಳಿಗೆ ಹೊಳೆದ ಸಮಾಧಾನ. ಎಂಟು ದಿನದ ಮೇಲೆ ಜಾತಕ ಕೂಡಲಿಲ್ಲವೆಂದು ಕಾಗದ ಬಂತು. ಈಗ ಪರದೆಯ ಆಚೆ ಫ್ಯಾನು ಕಿರುಗುಟ್ಟುತ್ತಿತ್ತು. ದುರ್ಗಾ ಎದುರಿನ ಕುರ್ಚಿಯ ತುದಿಯಲ್ಲಿ, ಇನ್ನೇನು ಎಬ್ಬಿಸುತ್ತಾರೆಂಬ ಹಾಗೆ ಕೂತಿದ್ದಳು.

“ಇದೇನ ಬರದಿ ದುರ್ಗಾ?”

“ಖರೇನ ಬರದೇನ್ರಿ ಮೇಡಂ. ಸುಳ್ಳ ಬರದ್ರ ಅರ್ಜಿ ರದ್ದಾಗತೈತಿ ಅಂತ ಕೆಳಗ ಹಾಕ್ಯಾರ.”

“ಹವ್ಯಾಸ ಅಂದ್ರ ಗುಟಕಾ ಅಲ್ಲ, ಹುಚ್ಚಿ. ಬಿಡುವು ಸಿಕ್ಕಾಗ ಮನಸ್ಸಿಗೆ ಸಂತೋಷ ಆಗ್ಲಿ ಅಂತ ಮಾಡೂದು.”

“ಗುಟಕಾನೂ ಅದಕ್ಕ ತಿಂತಾರಲ್ರಿ.”

ಅನಘಾ ಅರ್ಜಿಯನ್ನು ತನ್ನ ಕಡೆಗೆ ಎಳೆದುಕೊಂಡಳು. “ಹೋಗ್ಲಿ, ಒಂದು ಅದ ಅಂತ ಬರದೀಯಲ್ಲ, ಬಿಡ್ಲಿಕ್ಕೆ ಹತ್ತೀನಿ ಅಂತ. ಅದ್ಯಾವುದು?”

ದುರ್ಗಾ ಪರದೆಯ ಅಂಚಿನ ದಾರವನ್ನು ಬೆರಳಿಗೆ ಸುತ್ತಿಕೊಂಡಳು. “ಬಸ್ಸಿನ್ಯಾಗ ಮಂದಿ ಮಾತ ಕೇಳೂದ್ರಿ. ಆಯಿ ಬೈತಾಳ, ಭಾಳ ಕೆಟ್ಟ ಹವ್ಯಾಸ ಅದು ಅಂತ. ನಾ ಕಣ್ಣ ಮುಚ್ಚಿ ನಿದ್ದಿ ಬಂದಂಗ ಕುಂದರತೀನ್ರಿ. ಮುಂದಿನ ಸೀಟಿನ್ಯಾಗ ಯಾರು ಸೂಡಿಯವರು, ಯಾರು ಚಿಕ್ಕನರಗುಂದದಿಂದ ಸೊಸಿಯಾಗಿ ಬಂದಾರು, ಮುಖ ನೋಡದ ಹೇಳ್ತೀನಿ. ತವರಿಗೆ ಹೊಂಟಾಕಿ ದನಿ ಬ್ಯಾರೆ, ತಿರುಗಿ ಬರಾಕಿ ದನಿ ಬ್ಯಾರೆ. ಊರ ಸಮೀಪ ಬಂದಂಗ ಮಾತು ತಾವಽ ಬದಲಾಗತಾವ್ರಿ. ಅತ್ತಿ ಮನಿ ಮಾತು ಬಾಯಾಗ ಬರತಾವು.” ಮುಖ ಕೆಂಪಾಗಿ, ಕದ್ದದ್ದನ್ನು ತಂದಿಟ್ಟವಳ ಹಾಗೆ ತಲೆ ತಗ್ಗಿಸಿದಳು. “ಬಿಡಬೇಕಂತೀನ್ರಿ. ಬಿಡವಲ್ದು.”

ಅನಘಾ ಒಂದು ಕ್ಷಣ ಅವಳನ್ನೇ ನೋಡಿದಳು. ಆದರೆ ಗಡಿಯಾರ ಹನ್ನೊಂದೂವರೆ ತೋರಿಸುತ್ತಿತ್ತು. ಮೈಸೂರಿನ ಕಡೆಯ ಯಾರೋ ಕನ್ನಡಕದವರು ಈ ಹಾಳೆಯನ್ನು ಓದಿ, ಕದ್ದು ಕೇಳುವ ಹುಡುಗಿ ಎಂದು ಪಕ್ಕಕ್ಕಿಡುವುದು ಕಣ್ಣಿಗೆ ಕಟ್ಟಿತು. ಕೆಂಪು ಪೆನ್ನು ತೆಗೆದುಕೊಂಡು ಮೂರೂ ವಾಕ್ಯಗಳ ಮೇಲೆ ಒಂದೇ ಗೆರೆ ಎಳೆದಳು. ಮೇಲೆ ಬರೆದಳು: ಪುಸ್ತಕ ಓದುವುದು, ತೋಟಗಾರಿಕೆ. “ಅಲ್ಲಾವುದ್ದೀನನ ಅಂಗಡಿಗೆ ಹೋಗು. ತೋಟದ್ದು ಐದು ಸಾಲು ಅವನ ಕಂಪ್ಯೂಟರಿನ್ಯಾಗ ಅವ, ಹಾಕಿ ಕೊಡ್ತಾನ. ಫೋಟೋ ಅಂಟಿಸಿ, ಸಹಿ ಮಾಡಿ, ಐದರೊಳಗ ಕಳಸು.”

“ತ್ವಾಟ ನಾ ಎಲ್ಲಿ ಕಂಡೇನ್ರಿ?”

“ನಿನಗ ಚಲೋ ಆಗ್ಲಿ ಅಂತ ಹೇಳ್ಲಿಕ್ಕೆ ಹತ್ತೀನಿ.”

“ಹೌದ್ರಿ ಮೇಡಂ” ಎಂದು ದುರ್ಗಾ ಎದ್ದಳು. ಪರದೆಯ ದಾರ ಬೆರಳಿನಿಂದ ಬಿಚ್ಚಿಕೊಳ್ಳದೆ ತುಸು ಹರಿದೇ ಬಂತು.

ತೋಟದ ಐದು ಸಾಲುಗಳನ್ನು ಅನಘಾ ಹನ್ನೊಂದು ವರ್ಷದ ಹಿಂದೆ ರಚಿಸಿದ್ದಳು. ‘ನಮ್ಮ ಮನೆಯ ಹಿತ್ತಲಿನಲ್ಲಿ ಏಳು ಗುಲಾಬಿ ಗಿಡಗಳಿವೆ’ ಎಂದು ಶುರುವಾಗಿ ‘ಗಿಡಗಳು ನನಗೆ ತಾಳ್ಮೆ ಕಲಿಸಿವೆ’ ಎಂದು ಮುಗಿಯುತ್ತಿತ್ತು. ಒಣಬೇಸಾಯದ ಹಳ್ಳಿಗಳಿಂದ ಬಂದ ನಲವತ್ಮೂರು ಮಕ್ಕಳು ಈ ಏಳು ಗಿಡಗಳಿಗೆ ನೀರು ಹಾಕಿ ಹಾಕಿ ಎಂಜಿನಿಯರಿಂಗಿಗೆ, ನರ್ಸಿಂಗಿಗೆ, ಕೃಷಿ ಪದವಿಗೆ ಹೋಗಿದ್ದರು. ಅವರಲ್ಲಿ ಯಾರ ಮನೆಗೂ ಹಿತ್ತಲು ಇದ್ದಂತಿರಲಿಲ್ಲ. ಬರೆದವಳ ಮನೆಗೂ ಇರಲಿಲ್ಲ. ಉಳಿದವರ ಅರ್ಜಿಗಳನ್ನೂ ಮುಗಿಸಿ, ನಾಲ್ಕರ ಬಿಸಿಲಲ್ಲಿ ಮನೆಗೆ ನಡೆಯುವಾಗ ಊರ ಬೆನ್ನಿಗೆ ಒರಗಿದ ಗುಡ್ಡ ಕೆಂಪಗೆ ಕಾದು ನಿಂತಿತ್ತು. ಹದಿನಾಲ್ಕು ವರ್ಷದಿಂದ ಈ ಊರಲ್ಲಿದ್ದೂ ಆ ಗುಡ್ಡವನ್ನು ಅವಳು ಹತ್ತಿರಲಿಲ್ಲ. ಹತ್ತಿದರೆ ಬಗ್ಗಬೇಕಾಗುತ್ತದೆ, ಬಗ್ಗಿದರೆ ಆರಿಸಬೇಕಾಗುತ್ತದೆ. ನರಗುಂದದ ಗುಡ್ಡದಲ್ಲಿ ಅವಳು ಶಾಲೆಯ ಎಂಟನೆಯ ಇಯತ್ತೆಯಿಂದ ಆರಿಸಿದ್ದಳು, ಲಂಗದ ಮಡಿಲಲ್ಲಿ ತುಂಬಿಕೊಂಡು ಇಳಿದು ಬಂದು ಬಿಸ್ಕೀಟಿನ ಡಬ್ಬಿಯಲ್ಲಿ ಇಟ್ಟಿದ್ದಳು, ಕೆಂಪು, ಬೂದು, ಒಳಗೆ ಬಿಳಿ ಎಳೆ ಓಡಿದ ಕಲ್ಲುಗಳನ್ನು. ಒಂದು ಚಳಿಗಾಲದ ಬೆಳಿಗ್ಗೆ ಬಂಡೆಗಳನ್ನು ಪರೀಕ್ಷಿಸಲು ಧಾರವಾಡದಿಂದ ಜೀಪಿನಲ್ಲಿ ಬಂದ ನಾಲ್ಕು ಜನರಲ್ಲಿ ಒಬ್ಬಳು ಹೆಂಗಸಿದ್ದಳು, ಸೀರೆಯ ಕೆಳಗೆ ಕ್ಯಾನ್‌ವಾಸ್ ಬೂಟು, ಕೈಯಲ್ಲಿ ಪುಟ್ಟ ಸುತ್ತಿಗೆ. ಅವಳು ಬಂಡೆಯ ಒಂದು ಚೂರನ್ನು ಒಡೆದು ಮೂಸಿದಳು, ಆಮೇಲೆ ಯಾವ ಸಂಕೋಚವೂ ಇಲ್ಲದೆ ನಾಲಿಗೆಯ ತುದಿಗೆ ಮುಟ್ಟಿಸಿ ನೋಡಿದಳು. ಬೆರಗಾಗಿ ನಿಂತಿದ್ದ ಹುಡುಗಿಗೆ ಚೂರನ್ನು ಕೊಟ್ಟು “ನೋಡು, ಇದು ಒಂದು ಕಾಲಕ್ಕ ಮರಳಾಗಿತ್ತು” ಎಂದಳು. ಹಾಗೆ ಎಂದಾಗ ಅವಳ ದನಿಯಲ್ಲಿದ್ದ ಹೆಮ್ಮೆ, ತನ್ನ ಮಗನ ಮಾರ್ಕ್ಸು ಹೇಳುವ ತಾಯಿಯ ಹೆಮ್ಮೆ. ಅಷ್ಟೇ. ಜೀಪು ಇಳಿದು ಹೋಯಿತು. ಅದರ ಧೂಳು ಇನ್ನೂ ಇಳಿದಿಲ್ಲವೆಂದು ಅನಘಾಗೆ ಒಮ್ಮೊಮ್ಮೆ ಅನಿಸುತ್ತಿತ್ತು.

ಮನೆಯಲ್ಲಿ ತಾಯಿ ಲೀಲಾಬಾಯಿ ಉಪ್ಪಿನಕಾಯಿಯ ಭರಣಿಯ ಮುಂದೆ ಕಾಲು ಚಾಚಿ ಕೂತಿದ್ದರು. “ಬಂದ್ಯಾ? ಆ ಕಲ್ಲ ಇತ್ತಾಗ ತಗದಿಡು, ಹೋಳು ತಿರುವಿ ಹಾಕಬೇಕು.” ಭರಣಿಯೊಳಗೆ ಮಾವಿನಕಾಯಿ ಮೇಲೇಳದ ಹಾಗೆ ತಾಟಿನ ಮೇಲೆ ಒತ್ತಿಟ್ಟ ಕಲ್ಲು. ಡಬ್ಬಿಯಲ್ಲಿದ್ದ ಮೂವತ್ತು ಕಲ್ಲುಗಳಲ್ಲಿ ಉಳಿದದ್ದು ಇದೊಂದೇ, ಚಪ್ಪಟೆಯಾಗಿದ್ದ ಕಾರಣಕ್ಕೆ. ಮಿಕ್ಕವು ನರಗುಂದದ ಮನೆ ಬಿಡುವಾಗ ಅಂಗಳದಲ್ಲೇ ಉಳಿದವು, ಕಲ್ಲನ್ನು ಯಾರಾದರೂ ಲಾರಿಯಲ್ಲಿ ಹೇರುತ್ತಾರೆಯೆ? ಇಪ್ಪತ್ತೆಂಟು ವರ್ಷ ಉಪ್ಪು, ಖಾರ, ಎಣ್ಣೆ ಕುಡಿದು ಅದು ಮನೆಯ ಪಾತ್ರೆಗಳಲ್ಲಿ ಒಂದಾಗಿತ್ತು. ಕೈಯಲ್ಲಿ ಹಿಡಿದುಕೊಂಡೇ ಅನಘಾ ಕೇಳಿದಳು, ಇಷ್ಟು ವರ್ಷ ಕೇಳದೆ ಇದ್ದದ್ದಕ್ಕೆ ತನಗೇ ಆಶ್ಚರ್ಯವಾಗುತ್ತ: “ಅವ್ವಾ, ನನ್ನ ಕಾಲೇಜಿನ ಫಾರ್ಮಿನ್ಯಾಗ ಅಪ್ಪಾ ಹೊಲಗಿ ಅಂತ ಯಾಕ ಬರದ್ರು? ಆವಾಗ ನಾ ಸೂಜಿ ಮುಟ್ಟಿದಾಕೀನೂ ಅಲ್ಲ.”

“ಮತ್ತೇನ ಬರೀಬೇಕಿತ್ತು?” ಲೀಲಾಬಾಯಿ ಸೌಟು ತಿರುವುತ್ತಲೇ ಇದ್ದರು. “ಗುಡ್ಡದಾಗ ಕಲ್ಲು ಆರಸ್ತಾಳ ಅಂತ ಬರದಿದ್ರ ತಲಿ ಸರಿ ಇಲ್ಲದ ಹುಡುಗಿ ಅಂತಿದ್ರು. ನಿನಗ ಚಲೋ ಆಗ್ಲಿ ಅಂತನ ಬರದ್ರು ಪಾಪ. ನೀಲಿ ಶಾಯಿಯೊಳಗ, ಮುತ್ತಿನಂಥಾ ಅಕ್ಷರ.”

ನೀಲಿ ಶಾಯಿ, ಮುತ್ತಿನಂಥ ಅಕ್ಷರ, ಬಲಕ್ಕೆ ತುಸು ಬಾಗಿದ್ದು. ಧಾರವಾಡದ ಭೂಗರ್ಭಶಾಸ್ತ್ರ ಎಂದು ಅವಳು ಪೆನ್ಸಿಲ್ಲಿನಲ್ಲಿ ಬರೆದಿದ್ದ ಕಡೆ ಅಪ್ಪ ರಬ್ಬರು ಆಡಿಸಿ, ಪುಡಿಯನ್ನು ಬಾಯಿಂದ ಊದಿ, ಗದಗಿನ ಕಾಲೇಜಿನ ಹೆಸರು ಬರೆದಿದ್ದರು. ಹವ್ಯಾಸ ಎಂಬಲ್ಲಿ ಹೊಲಿಗೆ. ಸಹಿ ಮಾತ್ರ ಅವಳದೇ. ಗದಗಿನ ಹಾಸ್ಟೆಲ್ಲಿನಲ್ಲಿ ವಾರ್ಡನ್ ಫಾರ್ಮು ಓದಿ ಖುಷಿಯಾಗಿ, ಮೊದಲ ವಾರವೇ ಹನ್ನೆರಡು ಖೋಲಿಗಳ ಪರದೆಯ ಬಟ್ಟೆ ತಂದು ಅವಳ ಹಾಸಿಗೆಯ ಮೇಲೆ ಸುರಿದಿದ್ದರು. ಬರುವುದಿಲ್ಲ ಎಂದರೆ ಅಪ್ಪ ಸುಳ್ಳುಗಾರರಾಗುತ್ತಿದ್ದರು. ಪಕ್ಕದ ಖೋಲಿಯವಳ ಹತ್ತಿರ ಕದ್ದು ಕಲಿತಳು, ಬೆರಳು ಚುಚ್ಚಿಸಿಕೊಂಡಳು, ಹೊಲಿದಳು. ಈಗ ಚೆನ್ನಾಗಿ ಬರುತ್ತಿತ್ತು. ಹಸಿರು ಪರದೆಯ ಹೊಲಿಗೆ ಗೆರೆ ಎಳೆದಷ್ಟು ನೇರವಾಗಿತ್ತು, ಈ ಬೆಳಿಗ್ಗೆ ಹರಿದ ಒಂದು ದಾರವನ್ನು ಬಿಟ್ಟರೆ.

“ಊಟಾ ಮಾಡು, ಸಾರು ಆರತದ” ಎಂದರು ಲೀಲಾಬಾಯಿ. ಅನಘಾ ಕಲ್ಲನ್ನು ಕಿಟಕಿಯ ಕಟ್ಟೆಯ ಮೇಲಿಟ್ಟಳು. ತಾಟಿನ ಮುಂದೆ ಕೂತಳು, ಕಲಸಿದಳು, ಎದ್ದಳು. ಹುಡುಗಿ ಈಗಾಗಲೇ ಅರ್ಜಿ ಕಳಿಸಿಬಿಟ್ಟಿದ್ದರೆ? ಕೆಂಪು ಶಾಯಿಯ ತನ್ನ ಅಕ್ಷರವೂ ಬಲಕ್ಕೆ ಬಾಗಿದೆಯೆಂಬುದನ್ನು ಅವಳು ಇವತ್ತಿನವರೆಗೂ ಗಮನಿಸಿರಲಿಲ್ಲ, ಅಥವಾ ಗಮನಿಸಿ ಹೆಮ್ಮೆಪಟ್ಟಿದ್ದಳು. “ಎಲ್ಲಿಗೆ ಹೊಂಟಿ ಉಣ್ಣೂದ ಬಿಟ್ಟು?” ಎಂಬುದು ಬೆನ್ನ ಹಿಂದೆ ಕೇಳಿಸಿತು. ಚಪ್ಪಲಿ ಮೆಟ್ಟಿಕೊಂಡು ಬಸ್‌ಸ್ಟ್ಯಾಂಡಿನ ಕಡೆ ಹೆಚ್ಚುಕಡಿಮೆ ಓಡಿದಳು; ನಲವತ್ತಾರರ ಉಪನ್ಯಾಸಕಿ ಓಡುವುದನ್ನು ಊರು ಸುಮ್ಮನೆ ನೋಡುವುದಿಲ್ಲ, ಎರಡು ಅಂಗಡಿಯವರು ಹೊರಗೆ ಬಂದು ಯಾರು ತೀರಿಕೊಂಡರೆಂದು ವಿಚಾರಿಸಿದರು.

ಅಲ್ಲಾವುದ್ದೀನನ ಅಂಗಡಿ ಬಸ್‌ಸ್ಟ್ಯಾಂಡಿನ ಹಿಂದೆ, ಎರಡು ಕಂಪ್ಯೂಟರು, ಒಂದು ಝೆರಾಕ್ಸು, ಫೋಟೋ ತೆಗೆಯಲು ಗೋಡೆಗೆ ಒಂದು ನೀಲಿ ಬೆಡ್‌ಶೀಟು. “ಬರ್ರಿ ಮೇಡಮ್ಮರ” ಎಂದ ಅವನು, ಕಣ್ಣು ಪರದೆಯಿಂದ ತೆಗೆಯದೆ. “ಮಧ್ಯಾಹ್ನ ಪೂರಾ ಕರೆಂಟ ಇರಲಿಲ್ಲ, ಈಗ ಬಂತು. ನಿಮ್ಮ ತ್ವಾಟಕ್ಕ ನೀರ ಬಿಟ್ಟಾತು, ಬಟನ್ ಒತ್ತೂದೊಂದು ಬಾಕಿ.” ಕಂಪ್ಯೂಟರಿನಲ್ಲಿ ‘ಅನಘಾ ಮೇಡಂ ತೋಟ’ ಎಂಬ ಹೆಸರಿನ ಕಡತ ತೆರೆದೇ ಇತ್ತು. ದುರ್ಗಾ ಪಕ್ಕದಲ್ಲಿ ನಿಂತು ಏಳು ಗುಲಾಬಿ ಗಿಡಗಳನ್ನು ತುಟಿ ಅಲ್ಲಾಡಿಸುತ್ತ ಓದುತ್ತಿದ್ದಳು, ಸಂದರ್ಶನದಲ್ಲಿ ಕೇಳಿದರೆ ಹೇಳಲು ಬರಲಿ ಎಂದು. ಗೋಡೆಯ ಗಡಿಯಾರದಲ್ಲಿ ನಾಲ್ಕು ಮೂವತ್ತೈದು.

“ತಗಿ ಅದನ್ನ” ಎಂದಳು ಅನಘಾ, ಏದುಸಿರು ಬಿಡುತ್ತ. “ಅಲ್ಲಾವುದ್ದೀನ, ಆ ಐದು ಸಾಲು ಪೂರಾ ಅಳಸು. ದುರ್ಗಾ, ನೀನ ಕುಂದರು. ಮುಂಜಾನೆ ನನಗೇನ ಹೇಳ್ದಿ, ಅದನ್ನ ಹಾಂಗ ಬರೀ. ಬಸ್ಸು, ತವರು, ದನಿ, ಎಲ್ಲಾ.”

“ಕೆಟ್ಟ ಹವ್ಯಾಸ ಅಲ್ರಿ ಅದು?”

“ಅಲ್ಲ. ಅಲ್ಲವಾ. ನಂದು ತಪ್ಪಾತು.” ಹನ್ನೊಂದು ವರ್ಷಗಳಲ್ಲಿ ಈ ವಾಕ್ಯವನ್ನು ಯಾವ ಅರ್ಜಿದಾರರ ಮುಂದೆಯೂ ಅವಳು ಆಡಿರಲಿಲ್ಲ. ಆಡಿದ ಮೇಲೆ ಎದೆಯಲ್ಲಿ ಹಗುರವೆನಿಸಿತು, ಹಗುರದ ಹಿಂದೆಯೇ ಒಂದು ಸಣ್ಣ ಬೆಚ್ಚನೆಯ ಆಸೆ: ಈ ಒಂದು ಗೆರೆಯನ್ನು ಸರಿಮಾಡಿದರೆ ಆ ಇನ್ನೊಂದು ಗೆರೆ, ನೀಲಿ ಶಾಯಿಯದು, ತಾನೇ ಅಳಿಸಿಹೋದೀತು ಎಂದು.

“ಲಗೂ ಮಾಡ್ರಿ” ಎಂದ ಅಲ್ಲಾವುದ್ದೀನ. “ಸರ್ವರ್ ಒಮ್ಮೆ ಕುಂತ್ರ ಎಬ್ಬಸಾಕ ಆಗೂದಿಲ್ಲ.”

ದುರ್ಗಾ ಕೂತಳು. ಕೀಲಿಮಣೆಯನ್ನು ನೋಡಿದಳು, ಪರದೆಯನ್ನು ನೋಡಿದಳು, ಆಮೇಲೆ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡಳು. “ಬ್ಯಾಡ್ರಿ ಮೇಡಂ. ತ್ವಾಟನ ಇರ್ಲಿ.”

“ಯಾಕ? ಅಂಜಬ್ಯಾಡ, ನಾ ಹೇಳ್ತೀನಲ್ಲ.”

“ಅಂಜಿಕಿ ಅಲ್ರಿ. ಅಲ್ಲಿ ನಲವತ್ತ ಮಂದಿ ಹುಡುಗ್ಯಾರು ಇರತಾರ, ಬ್ಯಾರೆ ಬ್ಯಾರೆ ಊರಿನವರು. ಈಕಿ ಕೇಳ್ತಾಳ ಅಂತ ಅರ್ಜಿಯಾಗ ಬರದ ಮ್ಯಾಲ ಒಬ್ಬರಿಗಿಲ್ಲಾ ಒಬ್ಬರಿಗೆ ಗೊತ್ತಾಗತೈತಿ. ಆಮ್ಯಾಲ ನನ್ನ ಮುಂದ ಯಾರ ಮಾತಾಡ್ತಾರ್ರಿ?” ಅವಳು ತುಸು ನಕ್ಕಳು. “ತ್ವಾಟ ಹ್ಯಾಂಗೂ ನಂದಲ್ಲ, ಕೊಟ್ರ ಹ್ವಾದದ್ದೇನು? ಇದು ನಂದು ನನ್ನ ಹಂತೇಕ ಇರ್ಲಿ. ನೀವು ನಿಮ್ಮದು ಇಟಗೊಂಡೀರಲ್ರಿ, ಹಂಗ.”

“ನಂದೇನು?”

“ಕಲ್ಲಿಂದ್ರಿ.”

ಝೆರಾಕ್ಸು ಯಂತ್ರ ಯಾರದೋ ಆಧಾರ್ ಕಾರ್ಡನ್ನು ಬೆಳಕಿನಲ್ಲಿ ತೊಳೆದು ಹೊರಗೆ ಹಾಕಿತು. ದುರ್ಗಾ ಅದು ಮುಗಿಯಲೆಂದು ಕಾದಳು. “ಕಿಡ್ನಿ ಪಾಠದಾಗ್ರಿ. ನೀವು ಪಾಠ ಮಾಡುವಾಗ ಎಲ್ಲೂ ನಿಂದ್ರೂದಿಲ್ಲ, ಗಡಗಡ ಹೋಗತೀರಿ. ‘ಕಲ್ಲು’ ಅನ್ನೂ ಮುಂದ ನಿಂತ್ರಿ. ಮರುದಿನ ಪಿತ್ತಕೋಶದ ಪಾಠದಾಗನೂ ನಿಂತ್ರಿ. ಬಸ್ಸಿನ್ಯಾಗ ಹೆಂಗಸ್ರು ತವರೂರಿನ ಹೆಸರ ತಗಿಯೂ ಮುಂದ ನಿಂದರತಾರಲ್ರಿ, ಅಷ್ಟಽ ಹೊತ್ತು. ಯಾರಿಗೂ ಹೇಳಿಲ್ರಿ ನಾ.”

ಅನಘಾ ಏನೋ ಹೇಳಲು ಹೋದಳು. ತಾನು ಈಗ ಯಾವ ಶಬ್ದ ಆಡಿದರೂ, ಆಡದೆ ಎಲ್ಲಿ ನಿಂತರೂ, ಈ ಹುಡುಗಿಗೆ ಕೇಳಿಸುತ್ತದೆ ಎಂಬ ಅರಿವಾಗಿ ಬಾಯಿ ಮುಚ್ಚಿದಳು. ನಾಚಿಕೆಯಾಯಿತು, ಕದ್ದು ಬಚ್ಚಿಟ್ಟದ್ದು ಬೀದಿಗೆ ಬಂದ ನಾಚಿಕೆ. ಅದರ ಅಡಿಯಲ್ಲಿ ಇನ್ನೂ ಒಂದು ಇತ್ತು, ಅದಕ್ಕೆ ಹೆಸರಿಡಲು ಅವಳಿಗೆ ಇಷ್ಟವಾಗಲಿಲ್ಲ: ಇಪ್ಪತ್ತೆಂಟು ವರ್ಷದಲ್ಲಿ ಯಾರೋ ಒಬ್ಬರಿಗೆ ಅದು ಕೇಳಿಸಿತ್ತು.

“ಕಿಡ್ನಿ ಸ್ಟೋನ ಆಗೇತೇನ್ರಿ ಮೇಡಮ್ಮರ?” ಅಲ್ಲಾವುದ್ದೀನ ಕಳವಳದಿಂದ ತಿರುಗಿದ. “ನಮ್ಮ ಕಾಕಾ ಸುಭಾನಸಾಬಗೂ ಆಗಿತ್ತು. ಬಾಳಿದಿಂಡಿನ ರಸ ಕುಡೀರಿ, ತಾನಽ ಬಿದ್ದ ಹೋಗತೈತಿ.”

“ಹೂಂ, ಕುಡೀತೀನಿ” ಎಂದಳು ಅನಘಾ. ಆಮೇಲೆ ದುರ್ಗಾಳ ಕಡೆ ತಿರುಗಿ, “ನಿಂದ ಅರ್ಜಿ. ನಿನಗ ಹ್ಯಾಂಗ ಬೇಕೋ ಹಾಂಗ ಕಳಸು” ಎಂದಳು.

ಬಟನ್ನನ್ನು ದುರ್ಗಾಳೇ ಒತ್ತಿದಳು, ನಾಲ್ಕು ಐವತ್ತೊಂದಕ್ಕೆ. ಚಕ್ರ ತಿರುಗಿತು, ತಿರುಗುತ್ತಲೇ ಇತ್ತು, ಕೊನೆಗೆ ಹಸಿರು ಅಕ್ಷರದಲ್ಲಿ ಸ್ವೀಕರಿಸಲಾಗಿದೆ ಎಂದು ಬಂತು. ಅಲ್ಲಾವುದ್ದೀನ “ನಲವತ್ನಾಲ್ಕು” ಎಂದು ತೋಟದ ಲೆಕ್ಕ ಹೇಳಿ ಪ್ರಿಂಟು ತೆಗೆದುಕೊಟ್ಟ.

ಮುಶಿಗೇರಿಯ ಬಸ್ಸು ಹೊರಡುವುದರಲ್ಲಿತ್ತು. ದುರ್ಗಾ ಪ್ರಿಂಟನ್ನು ನಾಲ್ಕಾಗಿ ಮಡಚಿ ಪುಸ್ತಕದೊಳಗೆ ಇಟ್ಟುಕೊಂಡು “ಬರ್ತೀನ್ರಿ ಮೇಡಂ” ಎಂದು ಹತ್ತಿದಳು. ಕಿಟಕಿಯಲ್ಲಿ ಕಂಡಳು: ಖಾಲಿ ಸೀಟುಗಳನ್ನು ದಾಟಿ ಹೋಗಿ, ಬುತ್ತಿ ಗಂಟು ಮಡಿಲಲ್ಲಿಟ್ಟುಕೊಂಡ ಇಬ್ಬರು ಹೆಂಗಸರ ಹಿಂದಿನ ಸೀಟನ್ನೇ ಆರಿಸಿ ಕೂತಳು, ತಲೆಯನ್ನು ಸರಳಿಗೆ ಆನಿಸಿದಳು, ಕಣ್ಣು ಮುಚ್ಚಿದಳು. ಇಷ್ಟು ಎಚ್ಚರದ ಮುಖವನ್ನು ಅನಘಾ ಯಾವ ತರಗತಿಯಲ್ಲೂ ಕಂಡಿರಲಿಲ್ಲ. ಬಸ್ಸು ಗಟಾರಿನ ಬಾಯಿಯನ್ನು ಬಳಸಿಕೊಂಡು ಹೋಯಿತು. ಪಕ್ಕದಲ್ಲಿ ಇನ್ನೊಂದು ಬಸ್ಸಿನ ಕಂಡಕ್ಟರು ಬಾಗಿಲಲ್ಲಿ ಜೋತುಬಿದ್ದು ಕೂಗುತ್ತಿದ್ದ, “ರೋಣ, ನರಗುಂದ, ನರಗುಂದ, ಯಾರ್ರೀ ನರಗುಂದ?” ಅವನು ಅವಳನ್ನು ನೋಡಿ ತುಸು ತಡೆದ. ಅವಳು ತಲೆಯಾಡಿಸಿದಳು, ಹೌದೆಂದೂ ಅಲ್ಲ, ಅಲ್ಲವೆಂದೂ ಅಲ್ಲ. ಅವನು ಸೀಟಿ ಊದಿದ.

ಮನೆಯಲ್ಲಿ ಲೀಲಾಬಾಯಿ ಹೋಳು ತಿರುವಿ ಮುಗಿಸಿ ಕೈ ತೊಳೆಯುತ್ತಿದ್ದರು. ಕಲ್ಲು ಕಿಟಕಿಯ ಕಟ್ಟೆಯ ಮೇಲೆ ಸಂಜೆಯ ಬಿಸಿಲಲ್ಲಿ ಇತ್ತು, ತುಸು ಬೆಚ್ಚಗಿತ್ತು. ಅನಘಾ ಅದನ್ನೆತ್ತಿ ನಾಲಿಗೆಯ ತುದಿಗೆ ಮುಟ್ಟಿಸಿದಳು. ಉಪ್ಪು, ಸಾಸಿವೆ, ಹಳೆಯ ಖಾರ. ಮರಳು ಎಲ್ಲೂ ಇರಲಿಲ್ಲ. ಇನ್ನೊಮ್ಮೆ ಮುಟ್ಟಿಸಿದಳು.

“ಏನ ನೆಕ್ಕಲಿಕ್ಕೆ ಹತ್ತಿ ಅದನ್ನ?”

“ಉಪ್ಪು ನೋಡ್ಲಿಕ್ಕೆ ಹತ್ತೀನಿ.”

“ಸರಿ ಅದ?”

“ಅದ” ಎಂದು ಅನಘಾ ಕಲ್ಲನ್ನು ಭರಣಿಯೊಳಗಿನ ತಾಟಿನ ಮೇಲಿಟ್ಟು, ಬಾಯಿಗೆ ಬಟ್ಟೆ ಕಟ್ಟಿದಳು.

ಜೂನಿನಲ್ಲಿ ದುರ್ಗಾಗೆ ಸೀಟು ಸಿಕ್ಕಿತು. ಅರ್ಜಿಯನ್ನು ಓದಿದ ವಾರ್ಡನ್, ಹಾಸ್ಟೆಲ್ಲಿನ ಹಿಂದಿನ ಹನ್ನೆರಡು ಗುಲಾಬಿ ಗಿಡಗಳನ್ನು ಅವಳಿಗೆ ವಹಿಸಿಕೊಟ್ಟರು. ನಾಲ್ಕು ಬದುಕಿವೆ.